ಬ್ಯಾಟರಿ ಸತ್ತಿದ್ಯೋ, ಹಸಿದಿದ್ಯೋ? ನೋಡಿ ಆಮೇಲೆ ದುಡ್ಡು ಬಿಚ್ಚಿ

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಕಾರಿನ ಬ್ಯಾಟರಿ ಬಗ್ಗೇನೇ ಇದೆ. ಕ್ಲಚ್ಚು, ಟೈರು ಅಂತ ಕೇಳಿದವ್ರು ಸ್ವಲ್ಪ ತಾಳಿ, ಮುಂದಿನ ಸಲ ನಿಮ್ಮದೇ ಸರದಿ.

ಪ್ರಶ್ನೆ: ಸರ್, ನಂದು ಸಣ್ಣ ಪೆಟ್ರೋಲ್ ಕಾರು, ನಾಲ್ಕು ವರ್ಷ ಆಯ್ತು. ಮೊನ್ನೆ ಬೆಳಿಗ್ಗೆ ಸೆಲ್ಫ್ ಹೊಡೆದ್ರೆ ಬರೀ ಟಕ್ ಟಕ್ ಅಂತ ಸೌಂಡು, ಗಾಡಿ ಸ್ಟಾರ್ಟ್ ಆಗ್ಲಿಲ್ಲ. ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದ್ರೆ ಬ್ಯಾಟರಿ ಹೋಗಿದೆ ಚೇಂಜ್ ಮಾಡ್ಲೇಬೇಕು ಅಂದು ಒಂದು ರೇಟ್ ಹೇಳಿದ್ರು, ಬ್ಯಾಟರಿ ಅಂಗಡಿಯವ್ರು ಅದೇ ಸೈಜಿಗೆ ಮೂರನೇ ಒಂದು ಭಾಗ ಕಮ್ಮಿ ಹೇಳಿದ್ರು, ಆನ್‌ಲೈನ್‌ನಲ್ಲಿ ಇನ್ನೂ ಕಮ್ಮಿ ಇದೆ. ಒಂದೇ ಬ್ಯಾಟರಿಗೆ ಮೂರು ರೇಟ್ ಯಾಕೆ? ಯಾರು ಮೋಸ ಮಾಡ್ತಿದಾರೆ?

ಉತ್ತರ: ಮೂವರೂ ಮೋಸ ಮಾಡ್ತಿಲ್ದೇ ಇರಬಹುದು ಸ್ವಾಮಿ, ಆದ್ರೆ ಒಂದು ವಿಷ್ಯ ನೋಡಿ, ಮೂವರಲ್ಲಿ ಒಬ್ಬರೂ ನಿಮ್ಮ ಬ್ಯಾಟರೀನ ಕಣ್ಣಲ್ಲಿ ನೋಡೇ ಇಲ್ಲ! ಫೋನಲ್ಲೇ ನಾಡಿ ಹಿಡಿದು ಔಷಧಿ ಬರೆದಂಗಾಯ್ತು. ರೇಟಿನ ಮಾತು ಆಮೇಲೆ, ಮೊದ್ಲು ಬ್ಯಾಟರಿ ನಿಜವಾಗ್ಲೂ ಸತ್ತಿದ್ಯಾ ಇಲ್ಲ ಬರೀ ಹಸಿದಿದ್ಯಾ ಅಂತ ನೋಡಬೇಕು.

ವೋಲ್ಟ್ ಅಳೆಯೋ ಒಂದು ಸಾಧಾರಣ ಮಲ್ಟಿಮೀಟರ್ ತಗೊಳ್ಳಿ. ಗಾಡಿ ಆಫ್ ಮಾಡಿ ರಾತ್ರಿಯೆಲ್ಲಾ ನಿಂತಿದ್ದಾಗ ಬೆಳಿಗ್ಗೆ ಎರಡು ಟರ್ಮಿನಲ್ ಮೇಲೆ ಇಟ್ಟು ನೋಡಿ. 12.6 ವೋಲ್ಟ್ ಆಸುಪಾಸು ಬಂದ್ರೆ ಹೊಟ್ಟೆ ತುಂಬಿದೆ, 12.2 ಅಂದ್ರೆ ಸುಮಾರು ಅರ್ಧ, 12ಕ್ಕಿಂತ ಕೆಳಗೆ ಬಂದ್ರೆ ಖಾಲಿ ಅಂತಾನೇ ಲೆಕ್ಕ. ಒಳಗೆ ಒಂದೊಂದೂ ಎರಡು ವೋಲ್ಟ್ ಚಿಲ್ಲರೆ ಕೊಡೋ ಆರು ಸೆಲ್ ಸಾಲಾಗಿ ಕೂತಿರತ್ತೆ, ಅದಕ್ಕೇ ಈ 12ರ ಲೆಕ್ಕ. ಮೀಟರ್ 10.5 ವೋಲ್ಟ್ ಹತ್ರ ಬಂದು ನಿಂತುಬಿಟ್ಟಿದೆ, ಎಷ್ಟು ಹೊತ್ತು ಚಾರ್ಜಿಗೆ ಹಾಕಿದ್ರೂ ಮೇಲೇಳ್ತಿಲ್ಲ ಅಂದ್ರೆ ಒಂದು ಸೆಲ್ ಶಾರ್ಟ್ ಆಗಿರೋ ಸಾಧ್ಯತೆ ಜಾಸ್ತಿ, ಅದಕ್ಕೆ ರಿಪೇರಿ ಇಲ್ಲ, ಬದಲಾಯಿಸೋದೇ.

ಖಾಲಿ ಅಂತ ಬಂದ್ರೆ ತಕ್ಷಣ ಹೊಸದು ತರಬೇಡಿ. ಒಳಗಿನ ಲೈಟ್ ಉರೀತಾ ಉಳಿದಿದ್ರೂ, ಹದಿನೈದು ದಿನ ಗಾಡಿ ತೆಗೀದೇ ಇದ್ರೂ ಒಳ್ಳೇ ಬ್ಯಾಟರೀನೂ ಇಳಿದುಹೋಗತ್ತೆ. ಸರಿಯಾದ ಚಾರ್ಜರ್‌ಗೆ ರಾತ್ರಿಯಿಡೀ ಹಾಕಿ, ಆಮೇಲೆ ಚಾರ್ಜರ್ ತೆಗೆದು ನಾಲ್ಕೈದು ಗಂಟೆ ಸುಮ್ನೆ ಬಿಟ್ಟು ಮತ್ತೆ ಅಳೀರಿ. 12.5ರ ಮೇಲೆ ನಿಂತ್ರೆ ಗಾಡಿಗೆ ಜೋಡಿಸಿ ಸೆಲ್ಫ್ ಹೊಡೀವಾಗ ಮೀಟರ್ ನೋಡಿ (ಇದಕ್ಕೆ ಇಬ್ಬರು ಬೇಕು, ಒಬ್ಬರು ಕೀ ಹತ್ರ ಇನ್ನೊಬ್ಬರು ಮೀಟರ್ ಹತ್ರ). ಆ ಒಂದೆರಡು ಸೆಕೆಂಡ್‌ನಲ್ಲಿ ಸ್ಟಾರ್ಟರ್ ಮೋಟರ್ ನೂರು ಆಂಪಿಯರ್‌ಗೂ ಮೇಲೆ ಎಳಿಯತ್ತೆ, ಹಾಗಾಗಿ ವೋಲ್ಟೇಜ್ ಕುಸಿಯೋದು ಸಹಜ, ಆದ್ರೆ 9.6ಕ್ಕಿಂತ ಕೆಳಗೆ ಹೋಯ್ತು ಅಂದ್ರೆ ಬ್ಯಾಟರಿಗೆ ದಮ್ಮಿಲ್ಲ ಅಂತ ಅರ್ಥ. ಗಾಡಿ ಸ್ಟಾರ್ಟ್ ಆದ್ಮೇಲೆ ಅದೇ ಮೀಟರ್ ಸಾಮಾನ್ಯವಾಗಿ 13.8ರಿಂದ 14.5 ಒಳಗೆ ತೋರಿಸ್ಬೇಕು. ಸ್ಟಾರ್ಟ್ ಆದ್ಮೇಲೂ 12.3ರಲ್ಲೇ ಕೂತಿದ್ರೆ ತಪ್ಪು ಬ್ಯಾಟರಿದಲ್ಲ, ಚಾರ್ಜ್ ಮಾಡೋ ಆಲ್ಟರ್ನೇಟರ್‌ದು, ಅದೇ ಎಷ್ಟೋ ಜನ ಡೈನಮೋ ಅಂತಾರಲ್ಲ ಅದು. ಅದನ್ನ ನೋಡದೇ ಹೊಸ ಬ್ಯಾಟರಿ ಹಾಕಿದ್ರೆ ಅದೂ ಒಂದೆರಡು ದಿನದಲ್ಲಿ ಮಲಗತ್ತೆ.

ಇನ್ನೊಂದು, ಟಕ್ ಟಕ್ ಸೌಂಡ್ ಅಂದ್ರಲ್ಲ, ಅದು ಟರ್ಮಿನಲ್ ಲೂಸ್ ಇದ್ರೂ ಬರತ್ತೆ. ಕ್ಲ್ಯಾಂಪ್ ಕೈಯಲ್ಲಿ ಅಲ್ಲಾಡಿಸಿ ನೋಡಿ, ಅಲ್ಲಾಡಿದ್ರೆ ಸ್ಪ್ಯಾನರ್ ತಗೊಂಡು ಟೈಟ್ ಮಾಡಿ ಅಷ್ಟೇ. ಬಿಳಿ ಹಸಿರು ಪುಡಿ ಹಿಡಿದಿದ್ರೆ ಕೇಬಲ್ ಬಿಚ್ಚಿ ಅಡುಗೆ ಸೋಡಾ ಕಲಸಿದ ಬಿಸಿನೀರಲ್ಲಿ ಉಜ್ಜಿ ಒಣಗಿಸಿ ಹಾಕಿ. ನಾನೂ ಒಂದ್ಸಲ ಇದೇ ಅವಸರದಲ್ಲಿ ಹೊಸ ಬ್ಯಾಟರಿ ಹಾಕಿಸ್ದೆ, ಮೂರನೇ ದಿನ ಮತ್ತದೇ ಟಕ್ ಟಕ್, ನೋಡಿದ್ರೆ ನೆಗೆಟಿವ್ ಕೇಬಲ್ಲು ಬಾಡಿಗೆ ಸೇರೋ ಜಾಗದಲ್ಲಿ ಬೋಲ್ಟ್ ತುಕ್ಕು ಹಿಡಿದಿತ್ತು, ಉಪ್ಪುಕಾಗದದಲ್ಲಿ ಎರಡು ನಿಮಿಷ ಉಜ್ಜಿದ್ರೆ ಮುಗೀತು. ನಾನು ಎಕ್ಸ್‌ಚೇಂಜಿಗೆ ಕೊಟ್ಟ ಹಳೇ ಬ್ಯಾಟರಿ ಆ ಅಂಗಡಿಯವ್ರ ಸ್ವಂತ ಡೆಲಿವರಿ ಗಾಡೀಲಿ ಇನ್ನೂ ಒಂದೂವರೆ ವರ್ಷ ಓಡ್ತು. ಅವ್ರೇ ನಗ್ತಾ ಹೇಳಿದ್ರು.

ಈಗ ನಿಮ್ಮ ಮೂರು ರೇಟಿನ ವಿಷ್ಯ. ಮೂವರನ್ನೂ ಇಷ್ಟು ಕೇಳಿ: ಎಷ್ಟು ಎಎಚ್ (ಆಂಪಿಯರ್ ಅವರ್, ಅಂದ್ರೆ ಎಷ್ಟು ಕರೆಂಟ್ ಹಿಡಿದಿಟ್ಕೊಳ್ಳತ್ತೆ ಅನ್ನೋ ಅಳತೆ), ಕೋಲ್ಡ್ ಕ್ರ್ಯಾಂಕಿಂಗ್ (ಚಳೀಲಿ ಸೆಲ್ಫ್ ಹೊಡೆದಾಗ ಕೊಡೋ ಕರೆಂಟ್) ಎಷ್ಟು, ವಾರಂಟಿ ಒಟ್ಟು ಎಷ್ಟು ತಿಂಗಳು ಅದರಲ್ಲಿ ಪೂರ್ತಿ ಫ್ರೀ ಎಷ್ಟು, ತಯಾರಾದ ತಿಂಗಳು ಯಾವ್ದು, ಹೇಳಿದ ರೇಟು ಹಳೇದನ್ನ ಕೊಟ್ಟಾ ಕೊಡದೇನಾ, ಫಿಟ್ಟಿಂಗ್ ಸೇರಿದ್ಯಾ. ಉತ್ತರ ಬಂದಾಗ ಮೂರೂ "ಅದೇ ಬ್ಯಾಟರಿ" ಅಲ್ಲ ಅಂತ ನಿಮಗೇ ಗೊತ್ತಾಗತ್ತೆ. ಹಳೇದನ್ನ ಕೊಡೋದು ಸಣ್ಣ ವಿಷ್ಯ ಅಲ್ಲ ಮತ್ತೆ. ಸಣ್ಣ ಕಾರಿನ ಬ್ಯಾಟರಿ ಸುಮಾರು ಹತ್ತು ಕೆಜಿ ತೂಗತ್ತೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಸ, ಕರಗಿಸಿ ಮತ್ತೆ ಬ್ಯಾಟರಿಗೇ ಹಾಕ್ತಾರೆ, ಹಾಗಾಗಿ ಗುಜರಿಗೂ ಅದಕ್ಕೆ ಬೆಲೆ ಇದೆ. ಆನ್‌ಲೈನ್‌ನಲ್ಲಿ ಕಮ್ಮಿ ಕಾಣೋದು ಎಷ್ಟೋ ಸಲ ಹಳೇದರ ದುಡ್ಡು ಮೊದ್ಲೇ ಕಳೆದು ತೋರ್ಸಿರೋದ್ರಿಂದ.

ಬಿಲ್ಲಿನ ಮೊತ್ತ ನೋಡಿ ಹೋಲಿಸ್ಬೇಡಿ, ತಿಂಗಳಿಗೆ ಎಷ್ಟು ಬೀಳತ್ತೆ ನೋಡಿ. ಒಂದರ ಬೆಲೆ 100 ಅಂತ ಇಟ್ಕೊಳ್ಳಿ, ವಾರಂಟಿ 36 ತಿಂಗಳು. ಇನ್ನೊಂದು 135, ವಾರಂಟಿ 60 ತಿಂಗಳು. ಮೊದಲನೇದು ತಿಂಗಳಿಗೆ 2.8 ಹತ್ರ, ಎರಡನೇದು 2.25, ಅಂದ್ರೆ ದುಬಾರಿದೇ ಅಗ್ಗ. ಇನ್ನೊಂದು ವರ್ಷದಲ್ಲಿ ಕಾರು ಮಾರ್ತೀರ ಅಂದ್ರೆ ಮಾತ್ರ ಈ ಲೆಕ್ಕ ಉಲ್ಟಾ, ಆಗ ಅಗ್ಗದ್ದನ್ನೇ ಹಾಕ್ಸಿ.

ಪ್ರಶ್ನೆ: ನಮ್ಮ ಕಾರಲ್ಲಿ ಸಿಗ್ನಲ್‌ನಲ್ಲಿ ಇಂಜಿನ್ ತಾನೇ ಆಫ್ ಆಗಿ ಕ್ಲಚ್ ಒತ್ತಿದ್ರೆ ತಾನೇ ಆನ್ ಆಗೋ ಸಿಸ್ಟಮ್ ಇದೆ. ಬ್ಯಾಟರಿ ಹೋಯ್ತು ಅಂತ ಕೇಳೋಕೆ ಹೋದ್ರೆ ರೇಟ್ ಕೇಳಿ ಎದೆ ಧಸಕ್ ಅಂತು, ನಮ್ಮ ಹಳೇ ಕಾರಿಗೆ ಹಾಕಿಸಿದ್ದಕ್ಕಿಂತ ಎಷ್ಟೋ ಜಾಸ್ತಿ. ಸಾದಾ ಬ್ಯಾಟರೀನೇ ಹಾಕಿಸಿದ್ರೆ ಆಗಲ್ವಾ? ಸೈಜ್ ಒಂದೇ ಇದ್ಯಲ್ಲ?

ಉತ್ತರ: ಸೈಜ್ ಒಂದೇ, ಒಳಗೆ ಬೇರೆ ಮೇಡಂ. ಹಾಕಿದ್ರೆ ಗಾಡಿ ಸ್ಟಾರ್ಟ್ ಆಗತ್ತೆ, ಓಡತ್ತೆ, ಮೊದಲ ಕೆಲವು ತಿಂಗಳು "ನೋಡಿ ದುಡ್ಡು ಉಳಿಸ್ದೆ" ಅಂತಾನೂ ಅನ್ಸತ್ತೆ. ಆದ್ರೆ ಸಾದಾ ಬ್ಯಾಟರಿ ಇರೋದು ಒಂದ್ಸಲ ಜೋರಾಗಿ ಒದ್ದು ಆಮೇಲೆ ದಾರಿಯುದ್ದಕ್ಕೂ ಆರಾಮಾಗಿ ಚಾರ್ಜ್ ಆಗ್ತಾ ಹೋಗೋಕೆ. ನಿಮ್ಮ ಗಾಡೀಲಿ ಒಂದು ಪ್ರಯಾಣದಲ್ಲೇ ಹತ್ತು ಇಪ್ಪತ್ತು ಸಲ ಒದೀಬೇಕು, ಇಂಜಿನ್ ನಿಂತಿದ್ದಾಗ ಲೈಟು ಫ್ಯಾನು ಮ್ಯೂಸಿಕ್ಕು ಎಲ್ಲಾನೂ ಅದೇ ಸಾಕ್ಬೇಕು. ಆ ಕೆಲಸಕ್ಕೆ ಅಂತಾನೇ ಇಎಫ್‌ಬಿ, ಎಜಿಎಂ ಅಂತ ಎರಡು ಜಾತಿ ಇದೆ. ಇಎಫ್‌ಬಿ ಅಂದ್ರೆ ಸಾದಾ ಬ್ಯಾಟರೀನೇ ಗಟ್ಟಿಮುಟ್ಟಾಗಿ ಮಾಡಿರೋದು, ಒಳಗಿರೋ ಸೀಸದ ಪ್ಲೇಟಿನ ಮೇಲಿನ ಪದಾರ್ಥ ಉದುರದ ಹಾಗೆ ಒಂದು ಬಟ್ಟೆಯಂಥ ಪದರ ಇರತ್ತೆ. ಎಜಿಎಂನಲ್ಲಿ ಆಸಿಡ್ ನೀರಿನ ಥರ ಓಡಾಡಲ್ಲ, ಪ್ಲೇಟುಗಳ ಮಧ್ಯೆ ಇರೋ ಗಾಜಿನ ನೂಲಿನ ಚಾಪೇಲಿ ಹೀರಿಕೊಂಡು ಕೂತಿರತ್ತೆ. ಸಾದಾದಕ್ಕಿಂತ ಇಎಫ್‌ಬಿ ಜಾಸ್ತಿ, ಎಜಿಎಂ ಅದಕ್ಕೂ ಜಾಸ್ತಿ, ಎಷ್ಟೋ ಕಡೆ ಸಾದಾದರ ಎರಡು ಪಟ್ಟು ಹತ್ರ ಹೋಗತ್ತೆ.

ನೆನಪಿಟ್ಕೊಳ್ಳೋದು ಸುಲಭ, ಮೆಟ್ಟಿಲು ಹತ್ತಬಹುದು, ಇಳೀಬಾರ್ದು. ಇಎಫ್‌ಬಿ ಬಂದಿದ್ದ ಗಾಡಿಗೆ ಇಎಫ್‌ಬಿ ಅಥವಾ ಎಜಿಎಂ, ಎಜಿಎಂ ಬಂದಿದ್ದ ಗಾಡಿಗೆ ಎಜಿಎಂ ಮಾತ್ರ. ಹಳೇ ಬ್ಯಾಟರಿ ಮೇಲೆ ಬರೆದಿರತ್ತೆ ನೋಡಿ. ಸಣ್ಣ ಕಾರುಗಳಲ್ಲಿ ಬಹಳಷ್ಟು ಸಲ ಇಎಫ್‌ಬಿನೇ ಇರತ್ತೆ, ಹಾಗಿದ್ದಾಗ ಅಂಗಡಿಯವ್ರು ಎಜಿಎಂ ತಗೊಳ್ಳಿ ಅಂತ ಒತ್ತಾಯ ಮಾಡಿದ್ರೆ ಬೇಡ ಅನ್ನಿ, ಬಿಸಿ ಇಂಜಿನ್ ಪಕ್ಕದಲ್ಲಿ ಕೂರೋ ಎಜಿಎಂ ಕೊಟ್ಟ ದುಡ್ಡಿನಷ್ಟು ಬಾಳಿಕೆ ಬರತ್ತೆ ಅನ್ನೋ ನಂಬಿಕೆ ನನಗಿಲ್ಲ.

ಕೆಲವು ಗಾಡೀಲಿ ಹೊಸ ಬ್ಯಾಟರಿ ಹಾಕಿದ್ಮೇಲೆ ಗಾಡಿಯ ಕಂಪ್ಯೂಟರ್‌ಗೆ "ಹೊಸದು ಬಂದಿದೆ" ಅಂತ ಸ್ಕ್ಯಾನರ್ ಹಾಕಿ ಹೇಳ್ಬೇಕು, ಇಲ್ದಿದ್ರೆ ಅದು ಹಳೇ ಮುದುಕನಿಗೆ ಉಣಿಸಿದಂಗೇ ಚಾರ್ಜ್ ಮಾಡ್ತಾ ಇರತ್ತೆ. ನಿಮ್ಮ ಮಾಡೆಲ್‌ಗೆ ಅದು ಬೇಕಾ, ಅದಕ್ಕೆ ಬೇರೆ ಚಾರ್ಜ್ ಇದ್ಯಾ ಅಂತ ಮೊದ್ಲೇ ಕೇಳಿ, ಬಿಲ್ಲಲ್ಲಿ ಕೊನೇ ಸಾಲಾಗಿ ಬಂದು ಕೂರೋದು ಅದೇ.

ಪ್ರಶ್ನೆ: 35 ಎಎಚ್ ಬದಲು 45 ಎಎಚ್ ಹಾಕಿದ್ರೆ ಕಾರಿನ ವೈರಿಂಗ್ ಸುಟ್ಟು ಹೋಗತ್ತೆ ಅಂತ ನಮ್ಮ ಭಾವ ಹೇಳ್ತಾರೆ. ನಿಜಾನಾ?

ಉತ್ತರ: ಭಾವನಿಗೆ ಬೇಜಾರಾಗದ ಹಾಗೆ ಹೇಳಿ, ಸುಡಲ್ಲ. ಎಎಚ್ ಅನ್ನೋದು ಟ್ಯಾಂಕಿನ ಅಳತೆ ಇದ್ದಂಗೆ, ಗಾಡಿ ತನಗೆ ಬೇಕಾದಷ್ಟೇ ಎಳ್ಕೊಳ್ಳತ್ತೆ. ವೋಲ್ಟ್ 12 ಇದ್ರೆ ಸಾಕು. ಆದ್ರೆ ಟ್ರೇನಲ್ಲಿ ಅಲುಗಾಡದೇ ಕೂರ್ಬೇಕು, ಎತ್ತರ ಜಾಸ್ತಿ ಆಗಿ ಟರ್ಮಿನಲ್ ಬಾನೆಟ್‌ಗೆ ತಾಗಬಾರ್ದು, ಮತ್ತೆ ಪಾಸಿಟಿವ್ ಯಾವ ಕಡೆ ಇದೆ ನೋಡ್ಕೊಳ್ಳಿ. ಎಡಕ್ಕಿರ್ಬೇಕಾದ್ದು ಬಲಕ್ಕಿದ್ರೆ ಕೇಬಲ್ ಎಟುಕಲ್ಲ, ಎಟುಕಿಸೋಕೆ ಹೋಗಿ ಉಲ್ಟಾ ಕೊಟ್ರೆ ಆಲ್ಟರ್ನೇಟರ್ ಡಯೋಡು, ಫ್ಯೂಸು, ಕಂಪ್ಯೂಟರ್ರು ಯಾವ್ದು ಉಳಿಯತ್ತೋ ಗೊತ್ತಿಲ್ಲ, ಭಾವ ಹೇಳಿದ್ದು ಆವಾಗ ನಿಜ ಆಗತ್ತೆ. ದಿನಾ ಬರೀ ಎರಡು ಮೂರು ಕಿಲೋಮೀಟರ್ ಓಡ್ಸೋರಿಗೆ ದೊಡ್ಡ ಬ್ಯಾಟರಿಯಿಂದ ಏನೂ ಲಾಭ ಇಲ್ಲ, ತುಂಬೋದೇ ಇಲ್ಲ ಅದು.

ಪ್ರಶ್ನೆ: ಅಣ್ಣಾ, ಎರಡು ವರ್ಷದಲ್ಲಿ ಮೂರನೇ ಬ್ಯಾಟರಿ ಇದು! ಕಂಪನಿ ಬದಲಾಯಿಸ್ದೆ, ಅಂಗಡಿ ಬದಲಾಯಿಸ್ದೆ, ಎಂಟು ಹತ್ತು ತಿಂಗಳಿಗೆ ಢಮಾರ್. ವಾರಕ್ಕೆ ಒಂದು ಸಲ ಮಾತ್ರ ಗಾಡಿ ತೆಗೀತೀನಿ. ಈಗ ಯಾವ ಕಂಪನಿದು ಹಾಕಿಸ್ಲಿ ಹೇಳಿ.

ಉತ್ತರ: ಯಾವ ಕಂಪನಿದೂ ಬೇಡ ತಮ್ಮಾ, ಮೊದ್ಲು ಕಳ್ಳನ್ನ ಹಿಡಿ. ಮೂರು ಬೇರೆ ಬೇರೆ ಕಂಪನಿ ಬ್ಯಾಟರಿ ಒಂದೇ ಥರ ಸತ್ತಿದೆ ಅಂದ್ರೆ ತಪ್ಪು ಬ್ಯಾಟರಿದಲ್ಲ, ನಿನ್ನ ಗಾಡಿದು.

ಕೀ ತೆಗೆದು ಲಾಕ್ ಮಾಡಿದ್ಮೇಲೂ ಗಾಡಿ ಪೂರ್ತಿ ಮಲಗಲ್ಲ. ಗಡಿಯಾರ, ಅಲಾರ್ಮು, ರಿಮೋಟ್ ಕೇಳಿಸ್ಕೊಳ್ಳೋ ಕಿವಿ, ಎಲ್ಲಾ ಎಚ್ಚರ ಇರತ್ತೆ. ಅದಕ್ಕೆ ಸಾಮಾನ್ಯವಾಗಿ 50 ಮಿಲಿ ಆಂಪಿಯರ್ ಒಳಗೆ ಕರೆಂಟ್ ಹೋಗತ್ತೆ. ಅಷ್ಟೇ ಅಂದ್ರೂ ದಿನಕ್ಕೆ 1.2 ಎಎಚ್ ಆಯ್ತು, 35 ಎಎಚ್ ಬ್ಯಾಟರಿ ಹದಿನೈದು ದಿನಕ್ಕೆ ಅರ್ಧ ಖಾಲಿ. ಈಗ ಯಾವ್ದೋ ಒಂದು 300 ಮಿಲಿ ಆಂಪಿಯರ್ ಕುಡೀತಿದೆ ಅಂತ ಇಟ್ಕೊ, ಎರಡೂವರೆ ದಿನಕ್ಕೇ ಅರ್ಧ ಹೋಯ್ತು. ನೀನು ವಾರಕ್ಕೊಂದು ಸಲ ತೆಗೆಯೋ ಹೊತ್ತಿಗೆ ಅದು ನೆಲ ಕಚ್ಚಿರತ್ತೆ, ಜಂಪ್ ಸ್ಟಾರ್ಟ್ ಮಾಡಿ (ಅಂದ್ರೆ ಬೇರೆ ಬ್ಯಾಟರಿಯಿಂದ ಕೇಬಲ್ ಕೊಟ್ಟು ಎಬ್ಬಿಸಿ) ಅರ್ಧ ಗಂಟೆ ಓಡಿಸಿ ಮತ್ತೆ ನಿಲ್ಲಿಸ್ತೀಯ, ಆ ಅರ್ಧ ಗಂಟೇಲಿ ಹೊಟ್ಟೆ ತುಂಬಲ್ಲ. ಖಾಲಿ ಹೊಟ್ಟೇಲಿ ಬಿಟ್ಟ ಬ್ಯಾಟರಿ ಪ್ಲೇಟಿನ ಮೇಲೆ ಲೆಡ್ ಸಲ್ಫೇಟ್ ಹರಳು ಕಟ್ಟತ್ತೆ, ಮೊದ್ಲು ಮೆತ್ತಗಿರತ್ತೆ ಚಾರ್ಜ್ ಮಾಡಿದ್ರೆ ಕರಗತ್ತೆ, ವಾರಗಟ್ಟಲೆ ಬಿಟ್ರೆ ಗಟ್ಟಿ ಆಗಿ ಕಲ್ಲಾಗತ್ತೆ, ಆಮೇಲೆ ಯಾವ ಚಾರ್ಜರ್‌ಗೂ ಬಗ್ಗಲ್ಲ. ನಿನ್ನ ಮೂರೂ ಸತ್ತಿದ್ದು ಹೆಚ್ಚುಕಮ್ಮಿ ಹೀಗೇ ಇರ್ಬೇಕು.

ಕಳ್ಳನ್ನ ಹುಡುಕೋಕೆ ಒಳ್ಳೇ ಆಟೋ ಎಲೆಕ್ಟ್ರಿಷಿಯನ್ ಹತ್ರ ಹೋಗು. ನೆಗೆಟಿವ್ ಕೇಬಲ್ ಬಿಚ್ಚಿ ಮಧ್ಯದಲ್ಲಿ ಮೀಟರ್ ಜೋಡಿಸಿ, ಗಾಡಿ ಪೂರ್ತಿ ನಿದ್ದೆ ಹೋಗೋ ತನಕ ಅರ್ಧ ಗಂಟೆ ಕಾಯ್ತಾರೆ (ಕಾಯದೇ ಮೊದಲ ನಿಮಿಷದ ರೀಡಿಂಗ್ ನೋಡಿ ಹೌಹಾರೋ ಎಲೆಕ್ಟ್ರಿಷಿಯನ್ ಆದ್ರೆ ಬೇರೆಯವ್ರನ್ನ ಹುಡುಕು), ಆಮೇಲೆ ಒಂದೊಂದೇ ಫ್ಯೂಸ್ ತೆಗೀತಾ ಹೋಗ್ತಾರೆ. ಯಾವ ಫ್ಯೂಸ್ ತೆಗೆದಾಗ ಮೀಟರ್ ಧೊಪ್ಪಂತ ಇಳಿಯತ್ತೋ ಆ ಲೈನಲ್ಲೇ ಇದಾನೆ ಅವ್ನು. ನನ್ನ ಅನುಭವದಲ್ಲಿ ಹತ್ತಕ್ಕೆ ಎಂಟು ಸಲ ಅದು ನಾವೇ ಆಮೇಲೆ ಹಾಕ್ಸಿರೋ ಸಾಮಾನು, ಡ್ಯಾಶ್ ಕ್ಯಾಮ್, ಟ್ರ್ಯಾಕರ್, ಹೊಸ ಮ್ಯೂಸಿಕ್ ಸಿಸ್ಟಮ್. ನೀನು ಕಾಗದದಲ್ಲಿ ಬರೆದಿಲ್ಲ, ಆದ್ರೆ ಏನೋ ಒಂದು ಹಾಕ್ಸಿದೀಯ ಅಂತ ನನಗೆ ಗುಮಾನಿ. ಆ ಹುಡುಕಾಟದ ಕೂಲಿ ಒಂದು ಬ್ಯಾಟರಿಗಿಂತ ಎಷ್ಟೋ ಕಮ್ಮಿ ಆಗತ್ತೆ.

ಗಾಡಿಗೇನೂ ದೋಷ ಇಲ್ಲ ಅಂತ ಬಂದ್ರೆ ಒಂದು ಸಣ್ಣ ಆಟೋಮ್ಯಾಟಿಕ್ ಚಾರ್ಜರ್ ತಗೊಂಡು ಹದಿನೈದು ದಿನಕ್ಕೊಂದು ರಾತ್ರಿ ಹಾಕು. ದಿನಾ ಐದು ನಿಮಿಷ ನಿಂತಲ್ಲೇ ಇಂಜಿನ್ ಓಡಿಸಿ ಆಫ್ ಮಾಡೋದು ಮಾತ್ರ ಬೇಡ, ಅಷ್ಟರಲ್ಲಿ ಬ್ಯಾಟರಿ ಹೊಟ್ಟೆ ತುಂಬಲ್ಲ.

ಪ್ರಶ್ನೆ: 48 ತಿಂಗಳು ವಾರಂಟಿ ಅಂತ ದೊಡ್ಡದಾಗಿ ಬರೆದಿತ್ತು. 30ನೇ ತಿಂಗಳಿಗೆ ಹೋಯ್ತು. ಈಗ ಹೊಸದಕ್ಕೆ ದುಡ್ಡು ಕಟ್ಟಿ, ಡಿಸ್ಕೌಂಟ್ ಕೊಡ್ತೀವಿ ಅಂತಿದಾರೆ. ವಾರಂಟಿ ಅಂದ್ರೆ ಏನು ಹಾಗಾದ್ರೆ?

ಉತ್ತರ: ಕಾರ್ಡಿನ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿರತ್ತೆ ನೋಡಿ, 24 ಪ್ಲಸ್ 24 ಅಂತ. ಮೊದಲ 24 ತಿಂಗಳಲ್ಲಿ ಹೋದ್ರೆ ಹೊಸದು ಫ್ರೀ, ಉಳಿದ 24ರಲ್ಲಿ ಹೋದ್ರೆ ಪ್ರೊ ರೇಟಾ, ಅಂದ್ರೆ ಬಳಸಿದ ತಿಂಗಳ ಲೆಕ್ಕ ಕಳೆದು ಹೊಸದರ ಮೇಲೆ ರಿಯಾಯಿತಿ. ಇದರಲ್ಲೊಂದು ಸೂಕ್ಷ್ಮ ಇದೆ, ಆ ರಿಯಾಯಿತಿ ಸಾಮಾನ್ಯವಾಗಿ ಮುದ್ರಿತ ಬೆಲೆ ಮೇಲೆ ಕೊಡ್ತಾರೆ. ಮುದ್ರಿತ ಬೆಲೆ 100, ನಿಮಗೆ 30 ಕಳೆದು 70ಕ್ಕೆ ಕೊಡ್ತೀವಿ ಅಂದ್ರು ಅಂತ ಇಟ್ಕೊಳ್ಳಿ. ಅದೇ ಬ್ಯಾಟರಿ ಪಕ್ಕದ ಅಂಗಡೀಲಿ ವಾರಂಟಿ ಗಿರಂಟಿ ಏನೂ ಇಲ್ದೇ ಬಂದ ಗಿರಾಕಿಗೂ 75ಕ್ಕೆ ಸಿಗ್ತಿದ್ರೆ ನಿಮಗಾದ ಲಾಭ ಬರೀ 5. ಮೇಲಿಂದ ಹಳೇ ಬ್ಯಾಟರೀನ ಅವ್ರು ಕ್ಲೈಮಿಗೆ ಅಂತ ಇಟ್ಕೊಂಡ್ರೆ ಗುಜರಿ ದುಡ್ಡೂ ಹೋಯ್ತು. ಹಾಗಾಗಿ ಎರಡು ಕಡೆ ರೇಟ್ ಕೇಳಿ ಕೂಡಿ ಕಳೆದು ನೋಡಿ, ಎಷ್ಟೋ ಸಲ ಕ್ಲೈಮ್ ಬಿಟ್ಟು ಹೊರಗೆ ತಗೊಳ್ಳೋದೇ ವಾಸಿ ಆಗಿರತ್ತೆ.

ಮುಂದಿನ ಸಲ 60 ತಿಂಗಳು ಅಂತ ಮಾತ್ರ ನೋಡ್ಬೇಡಿ, ಫ್ರೀ ಎಷ್ಟು ಅಂತ ಕೇಳಿ. 36 ತಿಂಗಳು ಪೂರ್ತಿ ಫ್ರೀ ಇರೋದು, 18 ಪ್ಲಸ್ 30 ಇರೋದಕ್ಕಿಂತ ಯಾವತ್ತೂ ಮೇಲು. ತಯಾರಾಗಿ ಆರು ತಿಂಗಳಿಗಿಂತ ಹಳೇದಾದ್ರೆ ಬೇಡ ಅನ್ನಿ. ಅಂಗಡಿ ಕಪಾಟಲ್ಲಿ ಸುಮ್ನೆ ಕೂತ್ರೂ ಬ್ಯಾಟರಿ ತನ್ನಷ್ಟಕ್ಕೆ ತಾನೇ ಇಳೀತಾ ಇರತ್ತೆ, ಸೆಖೆ ಇದ್ರೆ ಇನ್ನೂ ಬೇಗ. ಬಿಲ್ ಮಾಡೋಕೆ ಮುಂಚೆ ನಿಮ್ಮ ಮುಂದೇನೇ ಮೀಟರ್ ಇಡಿಸಿ, 12.5 ಇಲ್ದಿದ್ರೆ ಬೇರೆದು ತೆಗೆಸಿ.

ಪ್ರಶ್ನೆ: ಸಣ್ಣ ಎಲೆಕ್ಟ್ರಿಕ್ ಕಾರ್ ತಗೊಂಡಿದೀನಿ. ಬ್ಯಾಟರಿ 70 ಪರ್ಸೆಂಟ್ ಇತ್ತು, ಬೆಳಿಗ್ಗೆ ನೋಡಿದ್ರೆ ಡೋರೂ ಓಪನ್ ಆಗ್ತಿಲ್ಲ, ಗಾಡಿ ಸತ್ತುಬಿದ್ದಿದೆ. ಬ್ಯಾಟರಿ ಹೋಯ್ತು ಅಂದ್ರೆ ಕಾರಿನ ಅರ್ಧ ಬೆಲೆ ಅಂತಾರೆ ಎಲ್ರೂ, ನಿದ್ದೆ ಬರ್ತಿಲ್ಲ.

ಉತ್ತರ: ನಿದ್ದೆ ಮಾಡಿ. ನಿಮ್ಮ ಗಾಡೀಲಿ ಎರಡು ಬ್ಯಾಟರಿ ಇದೆ. ಚಕ್ರ ತಿರುಗಿಸೋ ದೊಡ್ಡದು ಕೆಳಗೆ ಮಲಗಿದೆ, ಅದರದ್ದೇ ಆ 70. ಅದರ ಜೊತೆ ಸಾದಾ ಕಾರಲ್ಲಿರೋ ಥರಾನೇ ಒಂದು ಪುಟ್ಟ 12 ವೋಲ್ಟ್ ಬ್ಯಾಟರೀನೂ ಇದೆ, ಡೋರು ಲೈಟು ಕಂಪ್ಯೂಟರ್ರು ಎಲ್ಲಾ ಅದರ ಮೇಲೆ. ದೊಡ್ಡ ಬ್ಯಾಟರಿಯ ಬೀಗ ತೆಗೆಯೋ ಕೀಲಿಕೈ ಈ ಚಿಕ್ಕವನ ಕೈಲಿದೆ, ಇವ್ನು ಮಲಗಿದ್ರೆ ಅವ್ನು ತುಂಬಿ ತುಳುಕ್ತಿದ್ರೂ ಗಾಡಿ ಎದ್ದೇಳಲ್ಲ. ನಿಮ್ಮ ಲಕ್ಷಣ ನೋಡಿದ್ರೆ ಹೋಗಿರೋದು ಇವ್ನೇ ಇರ್ಬೇಕು. ಇದರ ಖರ್ಚು ಸಾದಾ ಸಣ್ಣ ಕಾರಿನ ಬ್ಯಾಟರಿಯಷ್ಟೇ, ಸ್ವಲ್ಪ ಹೆಚ್ಚು ಕಮ್ಮಿ. ದೊಡ್ಡದಕ್ಕೆ ಸಾಮಾನ್ಯವಾಗಿ ಎಂಟು ವರ್ಷದ ಹತ್ರ ಬೇರೆ ವಾರಂಟಿ ಇರತ್ತೆ, ಪುಸ್ತಕ ತೆಗೆದು ನೋಡ್ಕೊಳ್ಳಿ, ಮತ್ತೆ ಕಿತ್ತಳೆ ಬಣ್ಣದ ಕೇಬಲ್ ಎಲ್ಲಿ ಕಂಡ್ರೂ ಕೈ ಹಾಕ್ಬೇಡಿ, ಅದು ನೂರಾರು ವೋಲ್ಟಿನ ಲೈನು.

ಪ್ರಶ್ನೆ: ಹಾಕೋ ಕೂಲಿ ಉಳಿಸೋಣ ಅಂತ ನಾನೇ ಚೇಂಜ್ ಮಾಡಬಹುದಾ? ಹೆಣ್ಮಕ್ಕಳಿಗೆ ಆಗಲ್ಲ ಅಂತ ಮನೇಲಿ ನಗ್ತಾರೆ.

ಉತ್ತರ: ನಗೋರ ಕೈಲೇ ಆ ಹತ್ತು ಕೆಜಿ ಎತ್ತಿಸಿ, ಮಿಕ್ಕಿದ್ದು ನೀವು ಮಾಡಿ. ಕಾಲು ಗಂಟೆ ಕೆಲಸ, ಬೇಕಾಗಿರೋದು ಒಂದು 10 ನಂಬರ್ ಸ್ಪ್ಯಾನರ್, ಕೆಲವದಕ್ಕೆ 12 ಅಥವಾ 13. ಗಾಡಿ ಆಫ್ ಮಾಡಿ, ಕೀ ಜೇಬಲ್ಲಿ ಇರ್ಲಿ. ಬಿಚ್ಚುವಾಗ ಮೊದ್ಲು ನೆಗೆಟಿವ್, ಆಮೇಲೆ ಪಾಸಿಟಿವ್. ಹಾಕುವಾಗ ಮೊದ್ಲು ಪಾಸಿಟಿವ್, ಕೊನೇಲಿ ನೆಗೆಟಿವ್. ಯಾಕಂದ್ರೆ ಗಾಡಿಯ ಇಡೀ ಬಾಡಿ ನೆಗೆಟಿವ್‌ಗೆ ಸೇರಿರತ್ತೆ, ನೆಗೆಟಿವ್ ಜೋಡಿಸಿರುವಾಗ ಪಾಸಿಟಿವ್ ಬಿಚ್ಚೋಕೆ ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿತು ಅಂದ್ರೆ ವೆಲ್ಡಿಂಗ್ ಅಂಗಡಿ ಥರ ಕಿಡಿ ಹಾರತ್ತೆ. ಬಳೆ ಉಂಗುರ ತೆಗೆದಿಡಿ ಇದೇ ಕಾರಣಕ್ಕೆ. ಬ್ಯಾಟರೀನ ಓರೆ ಮಾಡ್ಬೇಡಿ, ಒಳಗಿರೋದು ಸಲ್ಫ್ಯೂರಿಕ್ ಆಸಿಡ್, ಮೈಮೇಲೆ ಚೆಲ್ಲಿದ್ರೆ ತಕ್ಷಣ ತುಂಬಾ ನೀರು ಹಾಕಿ ತೊಳೀರಿ. ಬ್ಯಾಟರೀನ ಟ್ರೇಗೆ ಹಿಡಿದಿಡೋ ಕೆಳಗಿನ ಕ್ಲ್ಯಾಂಪ್ ಬೋಲ್ಟ್ ಹಾಕೋದು ಮರೀಬೇಡಿ, ಎಷ್ಟೋ ಫಿಟ್ಟರ್‌ಗಳೇ ಅದನ್ನ ಹಾಗೇ ಬಿಟ್ಟು ಕಳಿಸ್ತಾರೆ, ಗುಂಡಿ ರಸ್ತೇಲಿ ಕುಣಿದು ಕುಣಿದು ಒಳಗಿನ ಪ್ಲೇಟ್ ಮುರೀತು ಅಂದ್ರೆ ವಾರಂಟಿನೂ ಕೊಡಲ್ಲ.

ಹಾಕಿದ್ಮೇಲೆ ಗಡಿಯಾರ 12:00 ಅಂತ ಮಿಟುಕ್ತಿರತ್ತೆ, ಕೆಲವು ಮ್ಯೂಸಿಕ್ ಸಿಸ್ಟಮ್ ಕೋಡ್ ಕೇಳತ್ತೆ, ಹಾಗಾಗಿ ಬಿಚ್ಚೋಕೆ ಮುಂಚೇನೇ ಪುಸ್ತಕದಲ್ಲಿ ಕೋಡ್ ಇದ್ಯಾ ನೋಡಿ. ಕಿಟಕಿ ಗ್ಲಾಸು ಒಂದೇ ಒತ್ತಿಗೆ ಮೇಲೆ ಹೋಗ್ತಿದ್ದಿದ್ದು ಅರ್ಧಕ್ಕೇ ನಿಂತ್ರೆ ಹೆದರ್ಬೇಡಿ, ಬಹಳಷ್ಟು ಗಾಡೀಲಿ ಪೂರ್ತಿ ಮೇಲೆ ಹೋಗೋ ತನಕ ಸ್ವಿಚ್ ಎಳೆದು ಹಿಡಿದು, ಹೋದ್ಮೇಲೂ ಒಂದೆರಡು ಸೆಕೆಂಡ್ ಬಿಡದೇ ಹಿಡಿದ್ರೆ ಮತ್ತೆ ಕಲ್ತುಕೊಳ್ಳತ್ತೆ. ಅದಕ್ಕೆ ಅಂತ ಯಾರಾದ್ರೂ ಬೇರೆ ದುಡ್ಡು ಕೇಳಿದ್ರೆ ಕೊಡ್ಬೇಡಿ.